ಮನೆಮಂದಿಯೆಲ್ಲ ಚಿತವನಕ್ಕೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಕುಟುಂಬಗಳು ಊರು ಬಿಟ್ಟು ಹೊರಡುವುದಕ್ಕೆ ಕಾರಣಗಳು ಮೊದಲಿನಿಂದಲೂ ನಿಶ್ಚಿತವಾಗಿವೆ. ಮದುವೆ, ತೊಟ್ಟಿಲ ಕಾರ್ಯ, ಜಾತ್ರೆ, ಆಸ್ಪತ್ರೆ, ತೀರಿಕೊಂಡವರ ಮನೆ. ಇವು ಬಿಟ್ಟರೆ ಕೂಡಲಸಂಗಮ, ಶ್ರೀಶೈಲ, ಕಾಶಿ. ಕಾಯಕಕ್ಕೆ ಹಿರಿಯ ಸ್ಥಾನವನ್ನಿತ್ತ ಮನೆಗಳಲ್ಲಿ “ನಾಲ್ಕು ದಿನ ಸುಮ್ಮನೆ ಇದ್ದು ಬರುತ್ತೇವೆ” ಎಂದು ಹೇಳುವುದಕ್ಕೆ ಇಂದಿಗೂ ಒಂದು ಬಗೆಯ ಸಂಕೋಚವುಂಟು. ಗಂಡಸರಿಗೆ ಮಳೆಗಾಲದಲ್ಲೋ ಹಂಗಾಮು ಮುಗಿದ ಮೇಲೋ ಅಷ್ಟಿಷ್ಟು ಬಿಡುವು ಸಿಕ್ಕೀತು. ಹೆಣ್ಣುಮಕ್ಕಳಿಗೆ, ಅದರಲ್ಲೂ ಮನೆಯ ಹಿರಿಯಳಿಗೆ, ಒಲೆಯಿಂದ ಬಿಡುಗಡೆ ಎಂಬುದು ಕಾಯಿಲೆಯಲ್ಲಲ್ಲದೆ ಬೇರೆ ಹೊತ್ತಿನಲ್ಲಿ ದೊರೆಯುವುದಿಲ್ಲ. ನಮ್ಮ ಕುಟುಂಬವು ಈ ವರ್ಷ ನೆರೆಯ ನೇಪಾಳದ ಚಿತವನದಲ್ಲಿ ನಾಲ್ಕು ರಾತ್ರಿ ತಂಗಲು ಹೂಡಿದ ಯೋಜನೆಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಇಂಥ ಪ್ರವಾಸದ ವಿಚಾರ ಮನಸ್ಸಿನಲ್ಲಿರುವ ಓದುಗ ಬಂಧುಗಳಿಗೆ ಇದರಿಂದ ಉಪಯೋಗವಾದೀತೆಂಬ ನಂಬಿಕೆ ನಮ್ಮದು.

ನಮ್ಮದು ನಾಲ್ಕೂ ಊರುಗಳಲ್ಲಿ ಹರಡಿದ ಮನೆತನ. ನಾವು ಜಮಖಂಡಿಯಲ್ಲಿ ನೆಲೆಸಿದವರು. ಸೋದರನದು ಮುಧೋಳ ತಾಲೂಕಿನಲ್ಲಿ ಕಬ್ಬಿನ ಬೇಸಾಯ. ಸೋದರಿಯನ್ನು ಬನಹಟ್ಟಿಯ ನೇಕಾರ ಮನೆತನಕ್ಕೆ ಕೊಟ್ಟಿದೆ. ಅವರ ಮನೆಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ಇರುಳಿಗೂ ನಿಲ್ಲುವುದಿಲ್ಲ. ನಮ್ಮ ಅವ್ವನ ತವರು ಬೀಳಗಿ ತಾಲೂಕಿನ ಒಂದು ಹೊಳೆದಂಡೆಯ ಹಳ್ಳಿ. ಆ ಹಳ್ಳಿ ಈಗ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿದೆ. ಅದರ ಹೆಸರು ಮಾತ್ರ ಪುನರ್ವಸತಿ ಕೇಂದ್ರದ ಫಲಕದ ಮೇಲೆ ಉಳಿದಿದೆ. ಎಪ್ಪತ್ತೆರಡರ ಅವ್ವ, ನಾವು ಮೂವರು ಒಡಹುಟ್ಟಿದವರ ಸಂಸಾರ, ಮೂವರು ಮಕ್ಕಳು: ಒಟ್ಟು ಹತ್ತು ಜನ. ಮಾತು ತೆಗೆದಾಗ ಅವ್ವ ಒಂದೇ ಷರತ್ತು ಹಾಕಿದಳು: “ಅಲ್ಲೀನೂ ಒಲಿ ಮುಂದ ಕುಂದ್ರೂದಾದ್ರ ನಾ ಇಲ್ಲೇ ಕುಂದರ್ತೀನಿ.” ಮುಂದಿನ ಯೋಜನೆಯೆಲ್ಲ ಈ ಒಂದು ಮಾತಿನ ಸುತ್ತ ಬೆಳೆಯಿತು.

ಯಾವ ದೇಶ?

ನೆರೆಯ ದೇಶವೆಂದರೆ ಶ್ರೀಲಂಕೆ, ಭೂತಾನ, ನೇಪಾಳ ಮೂರೂ ಚರ್ಚೆಗೆ ಬಂದವು. ಶ್ರೀಲಂಕೆಗೆ ಹತ್ತೂ ಜನರಿಗೆ ಪಾಸ್‌ಪೋರ್ಟ್ ಬೇಕು. ನಮ್ಮಲ್ಲಿ ಅದು ಇದ್ದದ್ದು ಇಬ್ಬರಿಗೆ. ಭೂತಾನ ರಮ್ಯವಾದ ನಾಡು. ಆದರೆ 2022ರ ಸೆಪ್ಟೆಂಬರಿನಿಂದ ಅಲ್ಲಿ ಭಾರತೀಯ ಪ್ರವಾಸಿಗಳು ತಲಾ ಒಂದು ರಾತ್ರಿಗೆ 1,200 ರೂಪಾಯಿಯ ಶುಲ್ಕವನ್ನು ಸರಕಾರಕ್ಕೆ ತೆರಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅದರರ್ಧ. ಕೋಣೆಯ ಬಾಡಿಗೆ, ಊಟ ಬೇರೆ. ದೊಡ್ಡ ಕುಟುಂಬಕ್ಕೆ ಈ ಲೆಕ್ಕ ಭಾರವಾಯಿತು. ನೇಪಾಳಕ್ಕೆ ನಮಗೆ ವೀಸಾ ಬೇಡ. 1950ರ ಜುಲೈ 31ರ ಶಾಂತಿ ಮತ್ತು ಮೈತ್ರಿ ಒಪ್ಪಂದದಿಂದ ಉಭಯ ದೇಶಗಳ ಪ್ರಜೆಗಳ ಸಂಚಾರ ಸುಗಮವಾಗಿದೆ. ಅಲ್ಲಿನ ನಾಣ್ಯದ ಲೆಕ್ಕವೂ ಸರಳ: 1993ರಿಂದ ನಮ್ಮ ನೂರು ರೂಪಾಯಿಗೆ ಅವರ ನೂರಾ ಅರವತ್ತು.

ನೇಪಾಳವೆಂದೊಡನೆ ಅವ್ವ ಕೇಳಿದ್ದು ಪಶುಪತಿನಾಥನನ್ನು. ಮಕ್ಕಳು ಕೇಳಿದ್ದು ಘೇಂಡಾಮೃಗವನ್ನು. ಎರಡನ್ನೂ ಕೂಡಿಸಿದರೆ ದಿನಗಳೆಲ್ಲ ವಾಹನದಲ್ಲೇ ಕಳೆಯುತ್ತವೆ. ಕಾಠಮಾಂಡುವಿಗೂ ಚಿತವನಕ್ಕೂ ನಡುವಣ ದಾರಿ ತ್ರಿಶೂಲಿ ನದಿಯ ಕಮರಿಯಲ್ಲಿ ಸುತ್ತಿ ಹೋಗುತ್ತದೆ. 2024ರ ಜುಲೈ 12ರಂದು ಚಿತವನ ಜಿಲ್ಲೆಯ ಸಿಮಲತಾಲದ ಬಳಿ ಗುಡ್ಡ ಕುಸಿದು ಎರಡು ಬಸ್ಸುಗಳು ಆ ನದಿಗೆ ಬಿದ್ದ ದುರಂತವನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಮಳೆ ಕಳೆದ ಮೇಲೆ ಹಗಲಿನಲ್ಲಿ ಹೋದರೆ ಅಂಜಿಕೆಯಿಲ್ಲವೆನ್ನುತ್ತಾರೆ. ಆದರೂ ಮೊಣಕಾಲು ನೋವಿನ ಹಿರಿಯಳಿಗೆ ಅದು ವಿಶ್ರಾಂತಿಯ ದಾರಿಯಲ್ಲ. ಆದ್ದರಿಂದ ಪಶುಪತಿನಾಥನ ದರ್ಶನವನ್ನು ಇನ್ನೊಂದು ಯಾತ್ರೆಗೆ ಮೀಸಲಿಟ್ಟು, ಮರಳುವಾಗ ಗೋರಖಪುರದಿಂದ ಕಾಶಿಗೆ ಹೋಗಿ ಜಂಗಮವಾಡಿ ಮಠದಲ್ಲಿ ಒಂದು ರಾತ್ರಿ ತಂಗುವುದೆಂದು ನಿಶ್ಚಯಿಸಿದೆವು. ಅವ್ವ ಒಪ್ಪಿದಳು. ಯಾತ್ರೆ ಬೇರೆ, ವಿಶ್ರಾಂತಿ ಬೇರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾಡಿದರೆ ಎರಡೂ ಕೆಡುತ್ತವೆ.

ಯಾವ ತಿಂಗಳು?

ಮಕ್ಕಳ ರಜೆ ಏಪ್ರಿಲ್-ಮೇ ತಿಂಗಳಲ್ಲಿ ದೀರ್ಘವಾಗಿರುತ್ತದೆ. ಆದರೆ ಚಿತವನ ಇರುವುದು ಹಿಮಾಲಯದ ಬುಡದ ತರಾಯಿ ಬಯಲಿನಲ್ಲಿ. ಅಲ್ಲಿನ ಬೇಸಿಗೆ ನಮ್ಮ ಬಾಗಲಕೋಟೆಯ ಬೇಸಿಗೆಗೆ ಸೋಲುವಂಥದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ. ಅತ್ಯುತ್ತಮ ಕಾಲವೆಂದರೆ ಚಳಿಗಾಲ. ಅದರ ಕೊನೆಗೆ ಎತ್ತರದ ಹುಲ್ಲನ್ನು ಕೊಯ್ದ ಮೇಲೆ ಪ್ರಾಣಿಗಳು ಸುಲಭವಾಗಿ ಕಾಣುತ್ತವೆ. ಆದರೆ ಆ ತಿಂಗಳುಗಳೆಲ್ಲ ನಮ್ಮಲ್ಲಿ ಕಬ್ಬು ನುರಿಸುವ ಹಂಗಾಮು. ಕಡಿಯುವ ತಂಡ ಹೊಲಕ್ಕೆ ಬರುವ ದಿನ ರೈತನ ಕೈಯಲ್ಲಿರುವುದಿಲ್ಲ. ಬಂದ ದಿನ ಅವನು ಊರಲ್ಲಿ ಇರಲೇಬೇಕು. ಸಮೀರವಾಡಿ, ಸಿದ್ದಾಪುರ, ತಿಮ್ಮಾಪುರಗಳ ಕಾರ್ಖಾನೆಗಳ ದಾರಿಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವಾಗ ಸೋದರನನ್ನು ಹೊರಡಿಸುವುದು ಆಗದ ಮಾತು.

ಪಂಚಾಂಗವನ್ನು ಮುಂದಿಟ್ಟುಕೊಂಡು ಕುಳಿತಾಗ ದಾರಿ ಕಂಡಿತು. ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಸಲ್ಲಿಸಿ ಚರಗ ಚೆಲ್ಲದೆ ನಮ್ಮ ಮನೆಯವರಾರೂ ಊರು ಬಿಡುವುದಿಲ್ಲ. ನೇಪಾಳದಲ್ಲಿ ಇದೇ ಹುಣ್ಣಿಮೆಯನ್ನು ಕೋಜಾಗ್ರತ್ ಎನ್ನುತ್ತಾರೆ. ಅವರ ಹಿರಿಯ ಹಬ್ಬವಾದ ದಶೈಂ ಮುಗಿಯುವುದು ಅಂದೇ. ದಶೈಂ ದಿನಗಳಲ್ಲಿ ಆ ದೇಶವೇ ಊರಿಗೆ ಹೊರಟಿರುತ್ತದೆ, ಬಸ್ಸುಗಳಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಹುಣ್ಣಿಮೆ ಕಳೆದ ಮೇಲೆ ದೀಪಾವಳಿಯವರೆಗಿನ ಹದಿನೈದು ದಿನದೊಳಗೆ ಅಲ್ಲಿ ಜನಸಂದಣಿ ಇಳಿದಿರುತ್ತದೆ, ಮಳೆ ಹಿಂದೆ ಸರಿದಿರುತ್ತದೆ, ಇಲ್ಲಿ ಕಬ್ಬಿನ ಹಂಗಾಮಿಗೆ ಇನ್ನೂ ಕಾವು ಏರಿರುವುದಿಲ್ಲ. ಹುಲ್ಲು ಮಾತ್ರ ಆಳೆತ್ತರ ಮೀರಿ ನಿಂತಿರುತ್ತದೆ; ಘೇಂಡಾಮೃಗವನ್ನು ಹೊಳೆಯ ದಂಡೆಯಲ್ಲಿ ತಾಳ್ಮೆಯಿಂದ ಕಾಯಬೇಕು. ಆ ನಷ್ಟವನ್ನು ನಾವು ಒಪ್ಪಿಕೊಂಡೆವು. ನೀರು ತುಂಬುವ ಹಬ್ಬದ ಹಿಂದಿನ ದಿನ ಎಲ್ಲರೂ ಮನೆಯಲ್ಲಿರಬೇಕೆಂಬುದು ಗಡಿರೇಖೆ. ಶಾಲೆಯ ದಸರೆ ರಜೆ ಎಲ್ಲ ವರ್ಷವೂ ಈ ದಿನಗಳಿಗೆ ಹೊಂದುವುದಿಲ್ಲ. ಕೊರತೆಯಾದ ದಿನಗಳಿಗೆ ಮುಂಚಿತವಾಗಿ ಅರ್ಜಿ ಕೊಡಬೇಕು.

ಬನಹಟ್ಟಿಯ ಭಾವನವರ ಚಿಂತೆ ಬೇರೆಯದು. ಮಗ್ಗ ನಿಂತರೆ ನೇಯುವವರ ವಾರದ ಗಳಿಕೆ ನಿಲ್ಲುತ್ತದೆ. “ನಮ್ಮ ರಜೆಗಾಗಿ ಇನ್ನೊಬ್ಬರ ಒಲೆ ಆರಬಾರದು” ಎಂದು ಅವರು ಖಂಡಿತವಾಗಿ ನುಡಿದರು. ಬಾಬೀನು, ಹಾಸಿನ ನೂಲು ಮುಂಚಿತವಾಗಿ ಒದಗಿಸಿ, ಹಿರಿಯ ನೇಕಾರರೊಬ್ಬರಿಗೂ ಹಿರಿಯ ಮಗನಿಗೂ ಹೊಣೆ ಒಪ್ಪಿಸಿದ ಮೇಲೆಯೇ ಅವರ ಹೆಸರು ಪಟ್ಟಿಗೆ ಸೇರಿತು.

ಕಾಗದಪತ್ರಗಳು

ಹೆಚ್ಚು ದಿನ ಹಿಡಿದದ್ದು ಈ ಕೆಲಸ. ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟ್ ಇಲ್ಲವೆ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ಆಧಾರ್ ಚೀಟಿ ಎಲ್ಲರಿಗೂ ನಡೆಯುವುದಿಲ್ಲ. ಕೇಂದ್ರ ಗೃಹ ಸಚಿವಾಲಯ 2019ರ ಜನವರಿಯಲ್ಲಿ ಪ್ರಕಟಿಸಿದಂತೆ ಹದಿನೈದು ವರ್ಷದೊಳಗಿನವರಿಗೆ, ಅರವತ್ತೈದು ಮೀರಿದವರಿಗೆ ಮಾತ್ರ ಅದು ಸಾಲುತ್ತದೆ. ಹೀಗೆ ಅವ್ವನ ಸಮಸ್ಯೆ ಮೊದಲು ಬಗೆಹರಿಯಿತು. ಹದಿನಾರರ ಮಗಳಿಗೆ ಮತದಾನದ ಚೀಟಿಯಿಲ್ಲ. ಹದಿನೈದರಿಂದ ಹದಿನೆಂಟರ ವಿದ್ಯಾರ್ಥಿಗಳು ನಿಗದಿತ ನಮೂನೆಯಲ್ಲಿ ಪ್ರಾಂಶುಪಾಲರ ಪ್ರಮಾಣಪತ್ರ ತರಬೇಕು. ಕುಟುಂಬವು ಕೂಡಿ ಹೋಗುವಾಗ ವಯಸ್ಕರೊಬ್ಬರಲ್ಲಿ ಕ್ರಮಬದ್ಧ ದಾಖಲೆಯಿದ್ದರೆ, ಉಳಿದವರು ಭಾವಚಿತ್ರವಿರುವ ಗುರುತನ್ನೂ ಸಂಬಂಧದ ಪುರಾವೆಯನ್ನೂ ತೋರಿಸಬಹುದೆಂಬ ಸೌಲಭ್ಯವುಂಟು. ಆದರೂ ಅದನ್ನೇ ನೆಚ್ಚಿ ಹೊರಡುವುದು ಜಾಣತನವಲ್ಲ.

ಇಲ್ಲಿ ನಾವು ಕಂಡುಕೊಂಡ ಒಂದು ಸಂಗತಿಯನ್ನು ತಾಯಂದಿರ ಗಮನಕ್ಕೆ ತರಬೇಕು. ಮನೆಯ ಗಂಡಸರ ದಾಖಲೆಗಳಲ್ಲಿ ಒಂದೇ ಹೆಸರಿತ್ತು. ಸೊಸೆಯಂದಿರ ದಾಖಲೆಗಳಲ್ಲಿ ಒಂದೆಡೆ ತವರಿನ ಅಡ್ಡಹೆಸರು, ಇನ್ನೊಂದೆಡೆ ಗಂಡನ ಮನೆಯದು. ಒಂದೆಡೆ ತಂದೆಯ ಹೆಸರು, ಇನ್ನೊಂದೆಡೆ ಗಂಡನದು. ಈ ವ್ಯತ್ಯಾಸ ಗಡಿಯಲ್ಲಿ ಮಾತ್ರವಲ್ಲ, ಬ್ಯಾಂಕಿನಲ್ಲಿ, ಆಸ್ತಿಯ ವಾರಸಾ ಕೆಲಸದಲ್ಲಿ ಕೂಡ ಅವರಿಗೇ ತೊಡಕಾಗುತ್ತದೆ. ಪ್ರವಾಸದ ನೆಪದಿಂದ ಇಬ್ಬರ ಹೆಸರು ತಿದ್ದುಪಡಿಯಾದದ್ದು ನಮಗೆ ದೊರೆತ ಮೊದಲ ಲಾಭ.

ಹಣದ ವಿಷಯದಲ್ಲಿ ನೂರರ ನೋಟುಗಳನ್ನು ಸಾಕಷ್ಟು ಇಟ್ಟುಕೊಳ್ಳುವುದು ಲೇಸು. ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳ ಸರಕಾರ 2018ರ ಡಿಸೆಂಬರಿನಲ್ಲಿ ನಿಷೇಧಿಸಿತ್ತು. ಈ ನಿಯಮ ಬದಲಾಗುವಂಥದ್ದಾದ್ದರಿಂದ ಹೊರಡುವ ವಾರ ವಿಚಾರಿಸಿಕೊಳ್ಳಬೇಕು. 2024ರ ಮಾರ್ಚ್‌ನಿಂದ ಅಲ್ಲಿನ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಮೂಲಕ ಹಣ ಸಲ್ಲಿಸುವ ಏರ್ಪಾಡೂ ಆಗಿದೆ. ದರ ಕೇಳುವಾಗ “ಯಾವ ದೇಶದ ರೂಪಾಯಿ?” ಎಂದು ಪ್ರತಿ ಸಲವೂ ಕೇಳಲು ಮರೆಯಬಾರದು.

ಒಂದು ದಿನದ ತಾಲೀಮು

ಹತ್ತು ಜನ ಒಂದೇ ವಾಹನದಲ್ಲಿ ಎಷ್ಟು ಹೊತ್ತು ಕೂಡಬಲ್ಲೆವೆಂದು ಅರಿಯಲು ಒಂದು ಭಾನುವಾರ ನಮ್ಮ ಸೀಮೆಯಲ್ಲೇ ಸುತ್ತಿದೆವು. ಜಮಖಂಡಿಯಿಂದ ಹೊರಟು ಬನಹಟ್ಟಿಯಲ್ಲಿ ಸೋದರಿಯ ಮನೆಯವರನ್ನು ಕೂಡಿಸಿಕೊಂಡು, ಮುಧೋಳದಲ್ಲಿ ಉಪಾಹಾರ ಮುಗಿಸಿ, ಬೀಳಗಿಯತ್ತ ನಡೆದೆವು. ಈ ಎರಡು ತಾಲೂಕುಗಳ ನಡುವಿನ ಒಣಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. 2016ರಲ್ಲಿ ಘೋಷಿತವಾದ ಇದರ ವಿಸ್ತಾರ 96 ಚದರ ಕಿಲೋಮೀಟರಿಗೂ ಮೇಲ್ಪಟ್ಟಿದೆ. ಸಂಜೆಯ ಹೊತ್ತಿಗೆ ರಸ್ತೆಯಿಂದ ದೂರದ ಕುರುಚಲಿನಲ್ಲಿ ಮೂರು ಚಿಂಕಾರಗಳು ಕಿವಿ ನಿಮಿರಿಸಿ ನಿಂತಿದ್ದವು. ನಾವು ಉಸಿರು ಬಿಗಿಹಿಡಿದಿರುವಾಗಲೇ ಜಿಗಿದು ಮರೆಯಾದವು. ಸಾವಿರಾರು ಮೈಲಿ ದೂರದ ಕಾಡಿನ ಕನಸು ಕಾಣುತ್ತಿದ್ದ ಮಕ್ಕಳು ತಮ್ಮ ಮನೆಯ ಹಿತ್ತಿಲಿನಂಥ ಈ ನೆಲದಲ್ಲಿ ಕಾಡುಮೃಗಗಳಿವೆಯೆಂದು ಅಂದೇ ಅರಿತರು.

ತಾಲೀಮಿನಿಂದ ತಿಳಿದದ್ದು ಇಷ್ಟು: ಅವ್ವನಿಗೆ ಎರಡು ತಾಸಿಗೊಮ್ಮೆ ಇಳಿದು ಅಡ್ಡಾಡಬೇಕು, ದಿನಕ್ಕೆ ಆರು ತಾಸಿಗಿಂತ ಹೆಚ್ಚು ಅವಳನ್ನು ಕೂಡಿಸಬಾರದು. ಅದರಂತೆ ದಾರಿಯನ್ನು ತಿದ್ದಿಕೊಂಡೆವು. ಪುಣೆಯಿಂದ ಗೋರಖಪುರಕ್ಕೆ ನೇರ ರೈಲಿದೆ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಸೋನೌಲಿಯಲ್ಲಿ ಗಡಿ ದಾಟಿದರೆ ಭೈರಹವಾ. ಅಂದೇ ಚಿತವನ ಮುಟ್ಟುವ ಆತುರ ಬಿಟ್ಟು ಭೈರಹವಾದಲ್ಲಿ ತಂಗುವುದು. ಹತ್ತಿರದ ಲುಂಬಿನಿಯಲ್ಲಿ ಬುದ್ಧನ ಜನ್ಮಸ್ಥಳವನ್ನು ನೋಡುವುದು. ಮರುದಿನ ಬುಟವಲ್, ನಾರಾಯಣಘಾಟದ ಮೇಲೆ ತಾಂಡಿಗೆ ಹೋಗಿ, ಅಲ್ಲಿಂದ ಕೆಲವೇ ಮೈಲಿಯ ಸೌರಾಹಕ್ಕೆ.

ಸೌರಾಹದ ವಿಹಾರಧಾಮ

ಸೌರಾಹವು ರಾಪ್ತಿ ನದಿಯ ದಂಡೆಯ ಹಳ್ಳಿ. ಹೊಳೆಯಾಚೆ ರಾಷ್ಟ್ರೀಯ ಉದ್ಯಾನ. ಉದ್ಯಾನದೊಳಗಿದ್ದ ಹೊಟೇಲುಗಳನ್ನು 2012ರಲ್ಲಿ ಮುಚ್ಚಿಸಿದ ಮೇಲೆ ಪ್ರವಾಸಿಗಳು ತಂಗುವುದು ಹೊರಗಿನ ಇಂಥ ಊರುಗಳಲ್ಲಿ. ತೋಟದ ನಡುವೆ ಬಿಡಿಬಿಡಿ ಕುಟೀರಗಳು, ಸಾಮೂಹಿಕ ಭೋಜನಶಾಲೆ, ಮಕ್ಕಳಿಗೆ ಅಂಗಳ. ಕೋಣೆ, ಊಟ, ದೋಣಿ, ಜೀಪು, ಮಾರ್ಗದರ್ಶಿ ಎಲ್ಲವನ್ನೂ ಒಂದೇ ದರದಲ್ಲಿ ಕೂಡಿಸುವ ಪದ್ಧತಿ. ನಾವು ಹಲವು ವಿಹಾರಧಾಮಗಳಿಗೆ ಒಂದೇ ಬಗೆಯ ಪ್ರಶ್ನೆಗಳನ್ನು ಬರೆದೆವು. ನಾಲ್ಕು ಕೋಣೆಗಳು ನೆಲಮಟ್ಟದಲ್ಲಿ ಒಂದೇ ಸಾಲಿನಲ್ಲಿ ಸಿಕ್ಕಾವೇ? ಕುರ್ಚಿಯಂತೆ ಕೂಡುವ ಶೌಚಾಲಯವಿದೆಯೇ? ಮುಂಜಾನೆ ಬಿಸಿನೀರು ಎಷ್ಟು ಹೊತ್ತಿಗೆ? ಸಸ್ಯಾಹಾರಕ್ಕೆ ಪಾತ್ರೆ, ಎಣ್ಣೆ ಬೇರೆಯೇ? ಉದ್ಯಾನದ ಪ್ರವೇಶಶುಲ್ಕ ದರದೊಳಗೆ ಸೇರಿದೆಯೇ? ಪ್ರವೇಶಶುಲ್ಕದಲ್ಲಿ ಸಾರ್ಕ್ ದೇಶಗಳ ಪ್ರಜೆಗಳಿಗೆ ಇತರ ವಿದೇಶಿಗಳಿಗಿಂತ ಕಡಮೆ ದರವಿದೆಯೆಂಬುದನ್ನು ನೆನಪಿಡಬೇಕು. ಪ್ರತಿಯೊಂದು ಪ್ರಶ್ನೆಗೂ ನೇರವಾಗಿ ಉತ್ತರಿಸಿದ ಒಂದನ್ನೇ ಆರಿಸಿದೆವು. ಅಗ್ಗದ ದರಕ್ಕಿಂತ ಸ್ಪಷ್ಟ ಉತ್ತರ ಮೇಲು.

ಊಟದ ವಿಷಯ. ನೇಪಾಳದ ನಿತ್ಯದ ಊಟ ಅನ್ನ, ಬೇಳೆಯ ಸಾರು, ಪಲ್ಯ, ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಆದರೆ ಆ ಸೀಮೆಯಲ್ಲಿ ಸಾಸಿವೆ ಎಣ್ಣೆಯ ಬಳಕೆ ಹೆಚ್ಚು. ಶೇಂಗಾ, ಕುಸುಬಿ ಎಣ್ಣೆಗೆ ಒಗ್ಗಿದ ನಮ್ಮ ಹೊಟ್ಟೆಗೆ ಅದು ಹೊಸತು. ಮೊಮೊ ಎಂಬ ಹಬೆಗಡುಬಿನೊಳಗೆ ಏನಿದೆಯೆಂದು ಕೇಳಿಯೇ ತಿನ್ನಬೇಕು. ಬುತ್ತಿ ಕಟ್ಟೋಣವೆಂದರೆ, ಹತ್ತು ಜನರಿಗೆ ನೂರಾರು ಖಡಕ್ ರೊಟ್ಟಿ ಬಡಿಯುವವರು ಯಾರು? ರಜೆಗೆ ಮುಂಚಿನ ಎಂಟು ದಿನ ಹೆಣ್ಣುಮಕ್ಕಳು ಒಲೆಯ ಮುಂದೆ ಬೇಯುವುದಾದರೆ ಅವ್ವನ ಷರತ್ತು ಮುರಿದಂತೆಯೇ. ಆದ್ದರಿಂದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿಗಳನ್ನು ಸ್ವಸಹಾಯ ಸಂಘದ ತಾಯಂದಿರಿಂದ ಕೊಳ್ಳುವುದೆಂದಾಯಿತು. ನಮ್ಮವರಿಗೆ ಬಿಡುವು, ಅವರಿಗೆ ಗಳಿಕೆ.

ಕಾಡಿನ ಕಥೆ, ಊರಿನ ಕಥೆ

ಸಂಜೆಗಳಲ್ಲಿ ಚಿತವನದ ಇತಿಹಾಸವನ್ನು ಓದಿ ಮಕ್ಕಳಿಗೆ ಹೇಳುತ್ತಿದ್ದೆವು. ಒಂದು ಕಾಲಕ್ಕೆ ಮಲೇರಿಯಾದ ಭಯದಿಂದ ಹೊರಗಿನವರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಕಾಡಿನ ನಡುವೆ ಬಾಳುತ್ತಿದ್ದವರು ಥಾರು ಜನ. 1950ರ ದಶಕದಲ್ಲಿ ಡಿಡಿಟಿ ಸಿಂಪಡಿಸಿ ರೋಗವನ್ನು ಹತ್ತಿಕ್ಕಿದ ಮೇಲೆ ಬೆಟ್ಟಗಳಿಂದ ಜನರು ಇಳಿದು ಬಂದರು, ಕಾಡು ಹೊಲವಾಯಿತು. 1960ರ ದಶಕದ ಕೊನೆಯ ಹೊತ್ತಿಗೆ ಒಂಟಿಕೊಂಬಿನ ಘೇಂಡಾಮೃಗಗಳು ನೂರರೊಳಗೆ ಉಳಿದವು. 1973ರಲ್ಲಿ ನೇಪಾಳದ ಮೊದಲ ರಾಷ್ಟ್ರೀಯ ಉದ್ಯಾನ ಇಲ್ಲಿ ಸ್ಥಾಪನೆಯಾಯಿತು. 1984ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2021ರ ಗಣತಿಯಲ್ಲಿ ಚಿತವನದಲ್ಲಿ 694 ಘೇಂಡಾಮೃಗಗಳು, 2022ರ ಗಣತಿಯಲ್ಲಿ 128 ಹುಲಿಗಳು ಲೆಕ್ಕಕ್ಕೆ ಸಿಕ್ಕವು. ಕಾಸರಾದಲ್ಲಿ 1978ರಿಂದ ಘರಿಯಾಲ್ ಮೊಸಳೆಗಳನ್ನು ಸಾಕಿ ನದಿಗೆ ಬಿಡುತ್ತಾರೆ. ಕೃಷ್ಣೆಯ ಮೊಸಳೆಯನ್ನು ಕಂಡ ನಮ್ಮ ಮಕ್ಕಳಿಗೆ ಆ ಉದ್ದಮೂತಿಯ ಮೀನುಗಳ್ಳನನ್ನು ನೋಡುವ ತವಕ. ಆನೆಯ ಬೆನ್ನೇರುವುದು ಬೇಡವೆಂದು ಮಗಳು ಹಟ ಹಿಡಿದಳು. ಜೀಪು, ದೋಣಿ ಸಾಕೆಂದು ಎಲ್ಲರೂ ಸಮ್ಮತಿಸಿದೆವು.

ಒಂದು ಸಂಜೆ ಪದಮಪುರದ ಸಂಗತಿ ಬಂದಿತು. ಅದು ಉದ್ಯಾನದ ವ್ಯಾಪ್ತಿಯೊಳಗಿದ್ದ ಊರು. ಒಂದೆಡೆ ರಾಪ್ತಿಯ ನೆರೆ, ಇನ್ನೊಂದೆಡೆ ಬೆಳೆಗೆ ನುಗ್ಗುವ ಘೇಂಡಾಮೃಗಗಳು. 1990ರ ದಶಕದಿಂದ ಮೊದಲ್ಗೊಂಡು ಕೆಲವು ವರ್ಷಗಳಲ್ಲಿ ಆ ಊರನ್ನೆಲ್ಲ ಎಬ್ಬಿಸಿ ಹೊಸ ಪದಮಪುರವೆಂಬ ಬೇರೆ ನೆಲೆಗೆ ಸಾಗಿಸಿದರು. ಹಳೆಯ ಹೊಲಗಳು ಹುಲ್ಲುಗಾವಲಾದವು. ಅಲ್ಲಿಯವರೆಗೆ ಸುಮ್ಮನೆ ಬತ್ತಿ ಹೊಸೆಯುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು: “ಹೊಸಾ ಊರಾಗ ಅವರಿಗೆ ನೀರು ಛಲೋ ಸಿಕ್ತೇನು? ಗುಡಿ ಎತ್ತಿಕೊಂಡು ಹೋದ್ರೋ, ಅಲ್ಲೇ ಬಿಟ್ರೋ?”

ಮನೆಯೆಲ್ಲ ಮೌನವಾಯಿತು. ಇಪ್ಪತ್ತು ವರ್ಷಗಳಲ್ಲಿ ತನ್ನ ತವರಿನ ಬಗ್ಗೆ ಅವಳು ಇಷ್ಟು ಮಾತನ್ನೂ ಆಡಿದವಳಲ್ಲ. ಅಲ್ಲಿಯವರನ್ನೇ ಕೇಳೋಣವೆಂದೆವು. ಅಂದಿನಿಂದ ಈ ಪ್ರವಾಸ ಮಕ್ಕಳದಷ್ಟೇ ಆಗಿ ಉಳಿಯಲಿಲ್ಲ. ನಾಲ್ಕು ದಿನಗಳಲ್ಲಿ ಒಂದು ಪೂರ್ವಾಹ್ನವನ್ನು ಹೊಸ ಪದಮಪುರಕ್ಕಾಗಿ ತೆಗೆದಿರಿಸಿದ್ದೇವೆ. ಉದ್ಯಾನದ ಆದಾಯದಲ್ಲಿ ಶೇಕಡಾ 30ರಿಂದ 50ರಷ್ಟನ್ನು ಸುತ್ತಲಿನ ಹಳ್ಳಿಗಳ ಏಳಿಗೆಗೆ ಕೊಡಬೇಕೆಂದು ನೇಪಾಳದ ಕಾನೂನು ಹೇಳುತ್ತದೆ. ಅದು ಜನರ ಅಂಗಳಕ್ಕೆ ಹೇಗೆ ಮುಟ್ಟಿದೆಯೆಂಬುದನ್ನು ನೋಡುವ ಅರ್ಹತೆ ನಮ್ಮ ಹತ್ತು ಜನರಲ್ಲಿ ಅವ್ವನಿಗಿಂತ ಹೆಚ್ಚಾಗಿ ಇನ್ನಾರಿಗಿದೆ?

ಉಳಿದ ಮೂರು ದಿನಗಳ ಕಾರ್ಯಕ್ರಮವನ್ನು ಬೇಕೆಂದೇ ಸಡಿಲವಾಗಿಟ್ಟಿದ್ದೇವೆ. ಒಂದು ಮುಂಜಾನೆ ದೋಣಿ, ಒಂದು ಮಧ್ಯಾಹ್ನ ಜೀಪು, ಒಂದು ಸಂಜೆ ಥಾರು ಜನರ ಕೋಲಾಟ. ಉಳಿದ ಹೊತ್ತು ಹೊಳೆದಂಡೆ, ನಿದ್ದೆ, ಹರಟೆ. ಇರುಳು ಊರ ಬೀದಿಗೂ ಘೇಂಡಾಮೃಗ ಬರುವುದುಂಟಾದ್ದರಿಂದ ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದೆಂಬುದು ಒಂದೇ ನಿರ್ಬಂಧ.

ಬಂಧುಗಳೇ, ಪ್ರವಾಸದ ಯೋಜನೆಯೆಂದರೆ ಟಿಕೀಟು, ಕೋಣೆಗಳ ಲೆಕ್ಕವೆಂದು ತಿಳಿಯುವುದು ವಾಡಿಕೆ. ಮನೆಯಲ್ಲಿ ಎಂದೂ ರಜೆ ಪಡೆಯದವರು ಯಾರೆಂದು ಮೊದಲು ಕೇಳಿಕೊಳ್ಳಬೇಕು. ಅವರ ಮೊಣಕಾಲಿನ ಅಳತೆಯಲ್ಲಿ ದಾರಿಯನ್ನು, ಅವರ ಹಬ್ಬದ ಅಳತೆಯಲ್ಲಿ ದಿನವನ್ನು, ಅವರ ನಾಲಗೆಯ ಅಳತೆಯಲ್ಲಿ ಊಟವನ್ನು ಗೊತ್ತುಪಡಿಸಿದರೆ ಉಳಿದವರಿಗೆಲ್ಲ ಅದು ತಾನಾಗಿಯೇ ಹೊಂದುತ್ತದೆ. ಅವರ ಮನಸ್ಸಿನಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದ್ದರೆ ಅದಕ್ಕೂ ಅರ್ಧ ದಿನವನ್ನು ಮೀಸಲಿಡಬೇಕು. ಈಗ ನಮ್ಮ ಮನೆಯಲ್ಲಿ ಮೊಮ್ಮಗಳು ಅಜ್ಜಿಗೆ ಹಿಂದಿಯಲ್ಲಿ ಎರಡು ವಾಕ್ಯಗಳನ್ನು ಕಲಿಸುತ್ತಿದ್ದಾಳೆ: ಒಂದು ನೀರಿನದು, ಇನ್ನೊಂದು ಗುಡಿಯದು.